ಗೇಟಿನಲ್ಲಿ ನಿಲ್ಲಿಸುವುದು ಯಾರನ್ನು?

ಮೇ ತಿಂಗಳ ಕೊನೆ ಬಂತೆಂದರೆ ಮಂಗಳೂರಿನ ರಥಬೀದಿ, ಹಂಪನಕಟ್ಟೆಯ ಬಟ್ಟೆ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸಮವಸ್ತ್ರದ ಬಟ್ಟೆ, ಶೂ, ಕೊಡೆ, ರೈನ್‌ಕೋಟು ಎಲ್ಲ ಒಂದೇ ವಾರದಲ್ಲಿ ಆಗಬೇಕು. ಶಾಲೆಯಿಂದ ಬಂದ ಡೈರಿಯ ಮೊದಲ ಪುಟಗಳಲ್ಲಿ ಉಡುಪಿನ ನಿಯಮಗಳಿರುತ್ತವೆ. ಅವನ್ನು ಓದುವ ತಂದೆ ತಾಯಿ ಕಡಿಮೆ, ಕೆಳಗೆ ಸಹಿ ಹಾಕಿ ಮುಚ್ಚಿಬಿಡುತ್ತೇವೆ. ಒಮ್ಮೆ ಕೂತು ಓದಬೇಕು. ಹುಡುಗರಿಗೆ ಹೆಚ್ಚೇನಿಲ್ಲ: ಕೂದಲು ಗಿಡ್ಡ ಇರಲಿ, ಅಂಗಿ ಇನ್‌ಶರ್ಟ್ ಆಗಿರಲಿ, ಶೂಗೆ ಪಾಲಿಶ್ ಇರಲಿ. ಹುಡುಗಿಯರ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ಸ್ಕರ್ಟು ಮೊಣಕಾಲು ದಾಟಬೇಕು, ಎರಡು ಜಡೆ, ಇಂಥದೇ ಬಣ್ಣದ ರಿಬ್ಬನ್, ಕಿವಿಗೆ ಚಿಕ್ಕ ಓಲೆ ಮಾತ್ರ, ಬಳೆ ಒಂದಕ್ಕಿಂತ ಹೆಚ್ಚು ಬೇಡ, ಉಗುರಿಗೆ ಬಣ್ಣ ಬೇಡ. ಪಿಯುಸಿಗೆ ಬಂದಮೇಲೆ ಪಟ್ಟಿ ಇನ್ನೂ ಬೆಳೆಯುತ್ತದೆ. ವೇಲನ್ನು ಎರಡೂ ಭುಜಕ್ಕೆ ಪಿನ್ ಮಾಡಿರಬೇಕು, ಲೆಗ್ಗಿಂಗ್ಸ್ ಕೂಡದು, ಚೂಡಿದಾರದ ಸೀಳು ಇಷ್ಟೇ, ತೋಳು ಇಷ್ಟೇ, ಕೂದಲು ಬಿಟ್ಟುಕೊಂಡು ಬರುವಂತಿಲ್ಲ.

ಪಟ್ಟಿಯ ಉದ್ದವೊಂದೇ ವ್ಯತ್ಯಾಸವಾಗಿದ್ದರೆ ಇದನ್ನು ಬರೆಯುವ ಅಗತ್ಯ ನನಗೆ ಕಾಣುತ್ತಿರಲಿಲ್ಲ. ಎರಡೂ ಪಟ್ಟಿಗಳ ಹಿಂದಿನ ಕಾರಣವೇ ಬೇರೆ. ಹುಡುಗನ ಅಂಗಿ ಹೊರಗೆ ಬಂದಿದ್ದರೆ ಅವನು ಸೋಮಾರಿ, ಅಶಿಸ್ತಿನವನು. ಹುಡುಗಿಯ ವೇಲ್ ಜಾರಿದ್ದರೆ ಅವಳ ನಡತೆಯ ಬಗ್ಗೆಯೇ ಮಾತು ಏಳುತ್ತದೆ. ತಪ್ಪು ಎಂದು ಹೇಳುವಾಗಲೂ, ‘ಹುಡುಗರು ನೋಡುತ್ತಾರೆ’, ‘ಮೇಷ್ಟ್ರುಗಳು ಪಾಠ ಮಾಡಬೇಡವೇ’ ಎಂಬ ಮಾತು ಬಂದೇ ಬರುತ್ತದೆ. ನೋಡುವವನ ಕಣ್ಣಿಗೆ ಹೊಣೆ ನೋಡಿಸಿಕೊಳ್ಳುವವಳದು ಎಂಬ ಪಾಠವನ್ನು ನಾವು ಹನ್ನೆರಡು ಹದಿಮೂರನೇ ವಯಸ್ಸಿನಿಂದಲೇ ಕಲಿಸಲು ಶುರುಮಾಡುತ್ತೇವೆ. ಅದೇ ತರಗತಿಯಲ್ಲಿ ಕೂತ ಹುಡುಗನಿಗೂ ಒಂದು ಪಾಠ ಸಿಗುತ್ತದೆ: ತನ್ನ ಕಣ್ಣಿಗೆ ತಾನು ಜವಾಬ್ದಾರನಲ್ಲ. ಆ ಪಾಠ ಅವನಿಗೆ ಮಾಡುವ ಕೇಡು ಕಡಿಮೆಯದಲ್ಲ.

ನಗರದ ಒಂದು ಕಾಲೇಜಿನ ಗೇಟಿನಲ್ಲಿ ಜುಲೈ ತಿಂಗಳ ಒಂದು ಬೆಳಿಗ್ಗೆ ಕಂಡದ್ದನ್ನು ಹೇಳಬೇಕು. ನಮ್ಮ ಊರಿನ ಮಳೆ ಗೊತ್ತಲ್ಲ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಸುರಿಯುವಂಥದ್ದು. ಸಿಟಿ ಬಸ್ಸಿನಿಂದ ಇಳಿದ ಮಕ್ಕಳೆಲ್ಲ ಅರ್ಧ ನೆನೆದಿದ್ದರು. ಹುಡುಗರು ತಲೆ ಕೊಡವಿಕೊಂಡು ಓಡುತ್ತಾ ಒಳಗೆ ಹೋದರು. ಗೇಟಿನ ಪಕ್ಕ ಇಬ್ಬರು ಅಧ್ಯಾಪಕಿಯರು ಕೊಡೆ ಹಿಡಿದು ನಿಂತಿದ್ದರು. ಬಂದ ಹುಡುಗಿಯರಲ್ಲಿ ನಾಲ್ಕೈದು ಜನರನ್ನು ಬದಿಗೆ ಕರೆದರು. ತಿಳಿಬಣ್ಣದ ಟಾಪು ಒದ್ದೆಯಾಗಿ ಮೈಗೆ ಅಂಟಿತ್ತು, ಅದೇ ಅಪರಾಧ. ಒಬ್ಬಳು ಬ್ಯಾಗನ್ನು ಎದೆಗೆ ಅವುಚಿಕೊಂಡು, ತಲೆ ತಗ್ಗಿಸಿ ನಿಂತಳು. ಇನ್ನೊಬ್ಬಳು ವೇಲಿನ ಪಿನ್ನು ಬಿಚ್ಚಿ ಮತ್ತೆ ಚುಚ್ಚಲು ಹೋಗಿ ಬೆರಳಿಗೆ ಚುಚ್ಚಿಕೊಂಡಳು. ಮೊದಲ ಪೀರಿಯಡ್ಡಿನ ಬೆಲ್ ಹೊಡೆದಾಗಲೂ ಅವರು ಗೇಟಿನಲ್ಲೇ ಇದ್ದರು. ಮಳೆಗೆ ಶಿಕ್ಷೆ ಕೊಡಲಾಗುವುದಿಲ್ಲ, ಬಟ್ಟೆ ಆರಿಸಿದ ಆಡಳಿತ ಮಂಡಳಿಗೂ ಕೊಡಲಾಗುವುದಿಲ್ಲ. ಶಿಕ್ಷೆ ಹೋಗಿ ಬಿದ್ದದ್ದು ಆ ಮಕ್ಕಳ ಮೇಲೆ. ಈ ಕಡಲತೀರಕ್ಕೆ ತಿಳಿಬಣ್ಣದ ತೆಳು ಬಟ್ಟೆಯನ್ನು ಹುಡುಗಿಯರ ಸಮವಸ್ತ್ರ ಎಂದು ಆರಿಸಿದವರು ಜೂನ್ ಜುಲೈಯಲ್ಲಿ ಬಸ್ಸಿಗಾಗಿ ನಿಂತವರಂತೂ ಅಲ್ಲ.

ಸರಕಾರಿ ಶಾಲೆಗಳಲ್ಲಿ ವಿದ್ಯಾವಿಕಾಸ ಯೋಜನೆಯಡಿ ಉಚಿತ ಸಮವಸ್ತ್ರ ಬರುತ್ತದೆ. ಏಳನೆಯವರೆಗೆ ಹುಡುಗರಿಗೆ ಚಡ್ಡಿ ಅಂಗಿ, ಹುಡುಗಿಯರಿಗೆ ಸ್ಕರ್ಟು ಅಂಗಿ. ಎಂಟರಿಂದ ಹುಡುಗರಿಗೆ ಪ್ಯಾಂಟು, ಹುಡುಗಿಯರಿಗೆ ಚೂಡಿದಾರ. ಉಚಿತ ಬಟ್ಟೆ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಟದ ಮೈದಾನದಲ್ಲಿ ನಿಂತು ನೋಡಿ. ಸ್ಕರ್ಟು ತೊಟ್ಟ ಮಗು ಜಾರುಬಂಡೆ ಹತ್ತುವಾಗ, ಕಬಡ್ಡಿಗೆ ಇಳಿಯುವಾಗ, ಸೈಕಲ್ ಏರುವಾಗ ಒಂದು ಕೈಯನ್ನು ಬಟ್ಟೆ ಹಿಡಿಯುವುದಕ್ಕೇ ಮೀಸಲಿಡುತ್ತದೆ. ಕೇರಳದ ಎರ್ನಾಕುಳಂ ಜಿಲ್ಲೆಯ ವಳಯನ್‌ಚಿರಂಗರ ಪ್ರಾಥಮಿಕ ಶಾಲೆ ಇದನ್ನು ಗಮನಿಸಿಯೇ ಎಲ್ಲ ಮಕ್ಕಳಿಗೂ ಅಂಗಿ ಮತ್ತು ಮೊಣಕಾಲಿನ ಕೆಳಗೆ ಬರುವ ಚಡ್ಡಿಯನ್ನು ಸಮವಸ್ತ್ರ ಮಾಡಿತು. 2021ರ ಡಿಸೆಂಬರ್‌ನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯ ಸರಕಾರಿ ಹೆಣ್ಣುಮಕ್ಕಳ ಹೈಯರ್ ಸೆಕೆಂಡರಿ ಶಾಲೆ ಪ್ಯಾಂಟು ಅಂಗಿ ತಂದಾಗ ಕೆಲವು ಸಂಘಟನೆಗಳು ಪ್ರತಿಭಟಿಸಿದವು. ತೊಟ್ಟ ಹುಡುಗಿಯರು ಬಸ್ಸು ಹತ್ತುವುದು ಸುಲಭವಾಯಿತು ಎಂದರು. ಮಂಗಳೂರಿನ ಫುಟ್‌ಬೋರ್ಡಿನಲ್ಲಿ ನೇತಾಡುವ ಮಕ್ಕಳನ್ನು ನೋಡಿದ ಯಾರಿಗಾದರೂ ಆ ಮಾತಿನ ತೂಕ ಗೊತ್ತಾಗುತ್ತದೆ.

ಸಮವಸ್ತ್ರದ ಚರಿತ್ರೆಯಲ್ಲಿ ಮಂಗಳೂರಿಗೆ ಸಣ್ಣ ಸ್ಥಾನವೇನಿಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ ಬಲ್ಮಠದಲ್ಲಿ ನೇಯ್ಗೆ ಕಾರ್ಖಾನೆ ನಡೆಸುತ್ತಿತ್ತು. 1850ರ ದಶಕದಲ್ಲಿ ಅದರ ಹೊಣೆ ಹೊತ್ತಿದ್ದ ಜಾನ್ ಹಾಲರ್ ಬಟ್ಟೆಗೆ ಮಣ್ಣಿನ ಬಣ್ಣ ಹಾಕುವ ವಿಧಾನ ಕಂಡುಕೊಂಡ. ವಾಯವ್ಯ ಗಡಿಯ ಗೈಡ್ಸ್ ಪಡೆ ಅದಕ್ಕೂ ಮುಂಚೆಯೇ ಮಣ್ಣುಬಣ್ಣದ ಬಟ್ಟೆ ತೊಡುತ್ತಿತ್ತು, ನಿಜ. ಆದರೆ ಬಲ್ಮಠದ ಮಗ್ಗದಿಂದ ಹೊರಟ ಖಾಕಿಯ ಖ್ಯಾತಿ ಬೇರೆಯೇ. ಬ್ರಿಟಿಷ್ ಸೇನಾಪತಿ ಲಾರ್ಡ್ ರಾಬರ್ಟ್ಸ್ ಕಾರ್ಖಾನೆಗೆ ಬಂದು ನೋಡಿ, ಸೈನ್ಯಕ್ಕೆ ಇದೇ ತಕ್ಕದ್ದು ಎಂದು ಶಿಫಾರಸು ಮಾಡಿದರೆಂದು ಮಿಷನ್ನಿನ ಇತಿಹಾಸ ಬರೆದವರು ಹೇಳುತ್ತಾರೆ. ಕೊಳೆ ಕಾಣದ, ಬಿಸಿಲಿಗೂ ಧೂಳಿಗೂ ತಡೆಯುವ, ಓಡಾಟಕ್ಕೆ ಆಗುವ ಬಟ್ಟೆ ಅದು. ಕೆಲಸ ನೋಡಿ ಹುಟ್ಟಿದ ಉಡುಪು ಎಂದರೆ ಇದು.

ಅದೇ ಖಾಕಿಯನ್ನು ಹೆಣ್ಣಿಗೆ ಕೊಡುವಾಗ ಮಾತ್ರ ನಾವು ಆರು ಗಜದ ಸೀರೆ ಮಾಡಿದೆವು. ಕಳ್ಳನನ್ನು ಬೆನ್ನಟ್ಟಬೇಕಾದವಳು, ಗಲಭೆಯಲ್ಲಿ ಲಾಠಿ ಹಿಡಿದು ನಿಲ್ಲಬೇಕಾದವಳು, ರಾತ್ರಿ ಬೀಟಿಗೆ ಹೋಗಬೇಕಾದವಳು ಅದನ್ನೆಲ್ಲ ನೆರಿಗೆ ಹಿಡಿದುಕೊಂಡೇ ಮಾಡಬೇಕಿತ್ತು. ಕರ್ನಾಟಕದಲ್ಲಿ ಇದು ಬದಲಾದದ್ದು 2018ರಲ್ಲಿ. ರಾಜ್ಯದ ಮೊದಲ ಮಹಿಳಾ ಪೊಲೀಸ್ ಮಹಾನಿರ್ದೇಶಕಿ ನೀಲಮಣಿ ಎನ್. ರಾಜು ಅವರ ಕಾಲದಲ್ಲಿ, ಕರ್ತವ್ಯದಲ್ಲಿರುವ ಮಹಿಳಾ ಸಿಬ್ಬಂದಿ ಖಾಕಿ ಪ್ಯಾಂಟು ಶರ್ಟನ್ನೇ ತೊಡಬೇಕೆಂಬ ಆದೇಶ ಹೊರಬಿತ್ತು. ಅಷ್ಟು ಸರಳ ಸಂಗತಿ ಹೊಳೆಯಲು ಆ ಕುರ್ಚಿಯಲ್ಲಿ ಒಬ್ಬ ಹೆಣ್ಣುಮಗಳು ಕೂರಬೇಕಾಯಿತು. ಇವತ್ತು ಪಾಂಡೇಶ್ವರದ ಮಹಿಳಾ ಠಾಣೆಯ ಎದುರು ಬೈಕು ಹತ್ತಿ ಹೊರಡುವ ಕಾನ್‌ಸ್ಟೇಬಲ್‌ಗಳನ್ನು ನೋಡಿದರೆ, ಇದಕ್ಕೂ ಮೊದಲು ಹೇಗೆ ನಿಭಾಯಿಸುತ್ತಿದ್ದರೋ ಎನಿಸುತ್ತದೆ.

ಕಾನೂನೂ ಆ ಹಳೆಯ ದಾರಿಯಲ್ಲೇ ಯೋಚಿಸಿತ್ತು. 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಮು, ಓಡುತ್ತಿರುವ ಯಂತ್ರವನ್ನು ಪರೀಕ್ಷಿಸುವ ಕೆಲಸವನ್ನು ತರಬೇತಿ ಪಡೆದ, ಮೈಗೆ ಬಿಗಿಯಾಗಿ ಕೂರುವ ಉಡುಪು ತೊಟ್ಟ ವಯಸ್ಕ ಗಂಡಾಳಿಗೆ ಮಾತ್ರ ಕೊಡಬೇಕು, ಆ ಉಡುಪನ್ನು ಮಾಲೀಕನೇ ಒದಗಿಸಬೇಕು ಎಂದು ಹೇಳಿತು. ಓಡುತ್ತಿರುವ ಯಂತ್ರಭಾಗಗಳನ್ನು ಶುಚಿಮಾಡಲು, ಎಣ್ಣೆ ಹಾಕಲು, ಸರಿಪಡಿಸಲು ಹೆಂಗಸನ್ನು ಬಿಡಬಾರದು ಎಂದಿತು. ಗಂಡಸಿಗೆ ಕೆಲಸಕ್ಕೆ ಒಪ್ಪುವ ಬಟ್ಟೆ ಕೊಡಿಸಿ ಕೆಲಸ ಕೊಟ್ಟರು. ಹೆಣ್ಣಿಗೆ ಅದೇ ಬಟ್ಟೆ ಕೊಡಿಸಬಹುದು ಎಂಬ ಯೋಚನೆ ಬರಲೇ ಇಲ್ಲ.

ಹಾಗೆಂದು ಎಲ್ಲ ಉಡುಪು ನಿಯಮವೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮೀನು ಸಂಸ್ಕರಣೆಯ ಘಟಕಕ್ಕೆ ಹೋದರೆ ಒಳಗೆ ಕಾಲಿಡುವ ಎಲ್ಲರಿಗೂ ತಲೆಗೆ ಕ್ಯಾಪು, ಮೈಗೆ ಕೋಟು, ಕಾಲಿಗೆ ಗಮ್‌ಬೂಟು. ಮ್ಯಾನೇಜರನಿಗೂ ಅದೇ, ಸಿಗಡಿ ಸುಲಿಯುವ ಅಕ್ಕನಿಗೂ ಅದೇ. ಕೂದಲು ಆಹಾರಕ್ಕೆ ಬೀಳಬಾರದು, ಅಷ್ಟೇ ಅದರ ಕಾರಣ. ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ ತೊಡುವಾಗ ಸರ್ಜನ್ ಗಂಡೋ ಹೆಣ್ಣೋ ಎಂದು ಯಾರೂ ಕೇಳುವುದಿಲ್ಲ. ಕಾರಣ ಕೆಲಸದಲ್ಲಿದ್ದರೆ ನಿಯಮ ತಾನಾಗಿಯೇ ಇಬ್ಬರಿಗೂ ಒಂದೇ ಆಗುತ್ತದೆ.

ಕಾರಣ ಬೇರೆ ಕಡೆ ಇದ್ದಾಗಿನ ಪರಿಣಾಮವನ್ನು ನಮ್ಮ ದೊಡ್ಡ ಬಟ್ಟೆ ಅಂಗಡಿಗಳಲ್ಲಿ ನೋಡಬಹುದು. ಕೌಂಟರಿನ ಹಿಂದಿನ ಹುಡುಗರಿಗೆ ಪ್ಯಾಂಟು, ಒಂದೇ ಬಣ್ಣದ ಶರ್ಟು. ಹುಡುಗಿಯರಿಗೆ ಸೀರೆ. ನೆರಿಗೆಗೆ ಪಿನ್ನು, ಸೆರಗಿಗೆ ಪಿನ್ನು, ತುರುಬಿಗೆ ನೆಟ್ಟು, ಹಣೆಗೆ ಬೊಟ್ಟು, ತುಟಿಗೆ ತೆಳು ಬಣ್ಣ. ಒಂಬತ್ತೂವರೆಗೆ ಅಂಗಡಿಯಲ್ಲಿ ಹಾಗೆ ತಯಾರಾಗಿ ನಿಲ್ಲಬೇಕಾದರೆ ಬಜ್ಪೆಯಿಂದಲೋ ಉಳ್ಳಾಲದಿಂದಲೋ ಬರುವವಳು ಮನೆಯಲ್ಲಿ ಎಷ್ಟು ಹೊತ್ತಿಗೆ ಏಳಬೇಕು? ಅವಳ ಜೊತೆಗೇ ಕೆಲಸಕ್ಕೆ ಸೇರಿದ ಹುಡುಗ ಅಂಗಿ ಇಸ್ತ್ರಿ ಮಾಡಿ ಬಂದರೆ ಮುಗಿಯಿತು. ಸಂಬಳದ ಚೀಟಿಯಲ್ಲಿ ಆ ಒಂದು ಗಂಟೆಗೆ ಲೆಕ್ಕವಿಲ್ಲ. ಕೆಲವು ಕಡೆ ಸೀರೆಯ ಹಣವನ್ನೂ ಸಂಬಳದಲ್ಲೇ ಹಿಡಿದುಕೊಳ್ಳುತ್ತಾರೆ ಎಂದು ಅಲ್ಲಿ ದುಡಿದವರು ಹೇಳಿದ್ದನ್ನು ಕೇಳಿದ್ದೇನೆ. ಹಬ್ಬದ ಸೀಸನ್ನಿನಲ್ಲಿ ಮೇಲಿನ ಕಪಾಟಿನಿಂದ ಬಂಡಲು ಇಳಿಸಲು ಸ್ಟೂಲು ಹತ್ತುವವರು, ಗೋದಾಮಿಗೆ ಮೆಟ್ಟಿಲು ಹತ್ತಿಳಿಯುವವರು ಅವರೂ ಹೌದು. ಸಂಜೆ ಆರರ ಹೊತ್ತಿಗೆ ಕೌಂಟರಿನ ಕೆಳಗೆ ಒಂದು ಕಾಲಿನ ಚಪ್ಪಲಿ ಬಿಚ್ಚಿ, ಹಿಮ್ಮಡಿಯನ್ನು ಇನ್ನೊಂದು ಪಾದದ ಮೇಲಿಟ್ಟು ನಿಂತುಕೊಂಡೇ ಗಿರಾಕಿಗೆ ಸೆರಗಿನ ಅಂಚು ತೋರಿಸುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ತಲಪಾಡಿಯಲ್ಲಿ ಕೇರಳದ ಗಡಿ ದಾಟಿದರೆ ಕಾನೂನು ಬೇರೆ. ಕೋಝಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ದುಡಿಯುತ್ತಿದ್ದ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 2018ರಲ್ಲಿ ಕೇರಳ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ತಿದ್ದಿ, ಕುಳಿತುಕೊಳ್ಳುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡೂ ಅಂಥದೇ ತಿದ್ದುಪಡಿ ತಂದಿತು. ಗಡಿಯಾಚೆಯ ಹೊಸಂಗಡಿ, ಉಪ್ಪಳದ ಅಂಗಡಿಯ ನಮ್ಮ ಕನ್ನಡದ ಹೆಣ್ಣುಮಕ್ಕಳಿಗೆ ಕೇರಳದ ಕಾನೂನು ಅನ್ವಯಿಸುತ್ತದೆ. ಅಧ್ಯಾಪಕಿಯರ ವಿಷಯವೂ ಹಾಗೆಯೇ. ಅಧ್ಯಾಪಕಿಯರನ್ನು ಸೀರೆ ಉಡಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಕೇರಳದ ಉನ್ನತ ಶಿಕ್ಷಣ ಇಲಾಖೆ 2021ರ ನವೆಂಬರ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಸಚಿವೆ ಆರ್. ಬಿಂದು ಅವರು ತಾವು ತ್ರಿಶ್ಶೂರಿನ ಕೇರಳವರ್ಮ ಕಾಲೇಜಿನಲ್ಲಿ ಕಲಿಸುವಾಗ ಚೂಡಿದಾರದಲ್ಲೇ ಹೋಗುತ್ತಿದ್ದುದನ್ನು ಆಗ ನೆನಪಿಸಿಕೊಂಡಿದ್ದರು. ನಮ್ಮ ನಗರದ ಎಷ್ಟೋ ಖಾಸಗಿ ಶಾಲೆಗಳಲ್ಲಿ ಇವತ್ತಿಗೂ ಟೀಚರ್ ಎಂದರೆ ಸೀರೆಯೇ. ಅವರ ಗಂಡು ಸಹೋದ್ಯೋಗಿ ಪಂಚೆ ಉಟ್ಟು ಬರಬೇಕೆಂದು ಯಾವ ಆಡಳಿತ ಮಂಡಳಿಯೂ ಕೇಳಿದ್ದಿಲ್ಲ. ಸಂಸ್ಕೃತಿ ಹೊರುವ ಕೆಲಸ ಹೆಣ್ಣಿನದು ಮಾತ್ರ ಎಂದು ಇವರಿಗೆ ಹೇಳಿಕೊಟ್ಟವರು ಯಾರು?

ಸೀರೆಯ ಮೇಲೆ ನನಗೆ ಮುನಿಸಿಲ್ಲ. ಇದೇ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ದೇಶದ ಕೈಮಗ್ಗಕ್ಕೆ ಮತ್ತೆ ಜೀವ ತುಂಬಿದವರು. ಅವರ ಸೀರೆಗಳಲ್ಲಿ ಒಂದು ಘನತೆ ಇತ್ತು, ಏಕೆಂದರೆ ಅದನ್ನು ಉಡಿ ಎಂದು ಅವರಿಗೆ ಯಾರೂ ಸುತ್ತೋಲೆ ಕಳಿಸಿರಲಿಲ್ಲ.

ತುಳುನಾಡಿನಲ್ಲಿ ಉಡುಪಿನ ಕಟ್ಟಳೆ ಯಾರು ಯಾರಿಗೆ ಹಾಕುತ್ತಿದ್ದರು ಎಂಬುದನ್ನು ಮರೆಯಬಾರದು. ಕೊರಗ ಹೆಂಗಸರು ಸೊಂಟದ ಸುತ್ತ ಸೊಪ್ಪು ಕಟ್ಟಿಕೊಳ್ಳಬೇಕಿದ್ದ ಕಾಲವೊಂದಿತ್ತು, ಆ ಸಮುದಾಯದ ಒಂದು ಪಂಗಡವನ್ನು ಸೊಪ್ಪು ಕೊರಗರೆಂದೇ ದಾಖಲಿಸಿದ್ದಾರೆ. ಅವರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಲು 2000ನೇ ಇಸವಿಯವರೆಗೆ ಕಾಯಬೇಕಾಯಿತು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೇಲುಡುಪು ತೊಡುವ ಹಕ್ಕಿಗಾಗಿ ದಶಕಗಳ ಕಾಲ ಏಟು ತಿಂದು, 1859ರಲ್ಲಿ ಅದನ್ನು ಪಡೆದರು. ಒಂದು ಕಡೆ ಮುಚ್ಚಿಕೊಳ್ಳಬೇಡ ಎಂದರು, ಇನ್ನೊಂದು ಕಡೆ ಮುಚ್ಚಿಕೋ ಎಂದರು. ಎರಡೂ ಕಡೆ ಮಾತು ಮೇಲಿನವರದು, ಮೈ ಕೆಳಗಿನವಳದು.

2022ರ ಹಿಜಾಬ್ ವಿವಾದವನ್ನು ಬಿಟ್ಟು ಕರಾವಳಿಯಲ್ಲಿ ಈ ವಿಷಯ ಬರೆಯಲಾಗುವುದಿಲ್ಲ. ಉಡುಪಿಯ ಸರಕಾರಿ ಹೆಣ್ಣುಮಕ್ಕಳ ಪಿಯು ಕಾಲೇಜಿನಲ್ಲಿ ಎದ್ದದ್ದು ಕುಂದಾಪುರಕ್ಕೆ, ಅಲ್ಲಿಂದ ರಾಜ್ಯಕ್ಕೆಲ್ಲ ಹಬ್ಬಿತು. ಗೊತ್ತುಮಾಡಿದ ಸಮವಸ್ತ್ರವನ್ನೇ ತೊಡಬೇಕೆಂದು ಫೆಬ್ರವರಿ 5ರಂದು ಸರಕಾರದ ಆದೇಶ ಬಂತು, ಮಾರ್ಚ್ 15ರಂದು ಹೈಕೋರ್ಟಿನ ಪೂರ್ಣಪೀಠ ಅದನ್ನು ಎತ್ತಿಹಿಡಿಯಿತು. ಮೇ ತಿಂಗಳಲ್ಲಿ ನಮ್ಮ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನಲ್ಲೂ ಪ್ರತಿಭಟನೆ ನಡೆಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಒಂದು ತೀರ್ಪು, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅದಕ್ಕೆ ಎದುರಾದ ಇನ್ನೊಂದು ತೀರ್ಪು ಬರೆದು, ಪ್ರಕರಣವನ್ನು ಸೂಕ್ತ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಯವರ ಮುಂದಿಡಬೇಕಾಯಿತು. ಧರ್ಮದ ವಾದ ಏನೇ ಇರಲಿ, ನಾನು ನೋಡುವುದು ಗೇಟನ್ನು. ಎದುರಾಗಿ ಕೇಸರಿ ಶಾಲು ಹಾಕಿಕೊಂಡು ಬಂದ ಹುಡುಗರು ಅದನ್ನು ಬ್ಯಾಗಿಗೆ ತುರುಕಿ ತರಗತಿಗೆ ಹೋದರು. ಹೊರಗೆ ಉಳಿದವರು ಹುಡುಗಿಯರು. ಪರೀಕ್ಷೆ ತಪ್ಪಿಸಿಕೊಂಡವರು, ಟಿಸಿ ತೆಗೆದುಕೊಂಡವರು ಅವರೇ. ಅದೇ ಹುಡುಗಿಗೆ ಮನೆಯಲ್ಲಿ ‘ತಲೆ ಮುಚ್ಚದೆ ಹೋಗುವುದಾದರೆ ಕಾಲೇಜೇ ಬೇಡ’ ಎಂದವರಿದ್ದರೆ ಅವರನ್ನೂ ನಾನು ಇದೇ ಸಾಲಿನಲ್ಲಿ ನಿಲ್ಲಿಸುತ್ತೇನೆ. ತೆಗೆ ಎಂದವರೂ ಹಾಕು ಎಂದವರೂ ಅವಳ ಓದನ್ನು ಪಣಕ್ಕಿಟ್ಟರು. ಅವಳ ಅಣ್ಣನ ಓದು ಎಂದೂ ಅವನ ಬಟ್ಟೆಯ ಮೇಲೆ ನಿಂತಿರಲಿಲ್ಲ.

ಗೇಟಿನಲ್ಲಿ ಶಿಸ್ತು ಎಂದು ಶುರುವಾದದ್ದು ಬೀದಿಗೆ ಇಳಿಯಲು ಹೆಚ್ಚು ಕಾಲ ಬೇಕಿಲ್ಲ. 2009ರ ಜನವರಿ 24ರಂದು ಇಲ್ಲಿನ ಅಮ್ನೇಷಿಯಾ ಪಬ್ಬಿಗೆ ನುಗ್ಗಿದವರು, 2012ರ ಜುಲೈ 28ರಂದು ಪಡೀಲಿನ ಹೋಮ್‌ಸ್ಟೇಗೆ ನುಗ್ಗಿದವರು ಹುಡುಗಿಯರ ಕೂದಲು ಹಿಡಿದು ಎಳೆದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಪಬ್ ಪ್ರಕರಣದ ಆರೋಪಿಗಳು 2018ರಲ್ಲಿ, ಹೋಮ್‌ಸ್ಟೇ ಪ್ರಕರಣದವರು 2024ರಲ್ಲಿ ಖುಲಾಸೆಯಾದರು. ಆ ದಿನಗಳಲ್ಲಿ ಊರಿನ ಮಾತು ನನಗೆ ನೆನಪಿದೆ: ‘ಹೊಡೆದದ್ದು ತಪ್ಪು, ಆದರೆ ಅವರ ಬಟ್ಟೆಯೂ ಹಾಗಿತ್ತು.’ ಆ ‘ಆದರೆ’ಯನ್ನು ನಾವು ಕಲಿತದ್ದು ಶಾಲೆಯಲ್ಲೇ. ನ್ಯಾಯಾಲಯಗಳೂ ಅದರಿಂದ ತಪ್ಪಿಸಿಕೊಂಡಿಲ್ಲ. 2022ರ ಆಗಸ್ಟ್‌ನಲ್ಲಿ ಕೋಝಿಕ್ಕೋಡಿನ ಸೆಷನ್ಸ್ ನ್ಯಾಯಾಲಯ ಲೈಂಗಿಕ ಕಿರುಕುಳದ ಪ್ರಕರಣವೊಂದರಲ್ಲಿ ದೂರು ಕೊಟ್ಟವಳ ಉಡುಪು ಪ್ರಚೋದಕವಾಗಿತ್ತು ಎಂದು ಬರೆಯಿತು, ಕೇರಳ ಹೈಕೋರ್ಟು ಅದನ್ನು ಕಡತದಿಂದ ತೆಗೆಸಬೇಕಾಯಿತು.

ಹೊರದೇಶದವರು ಇದರಿಂದ ಪಾರಾಗಿದ್ದಾರೆ ಎಂದೇನೂ ಅಲ್ಲ. ವಿಶ್ವ ಬ್ಯಾಡ್ಮಿಂಟನ್ ಸಂಸ್ಥೆ 2011ರಲ್ಲಿ ಆಟಗಾರ್ತಿಯರು ಸ್ಕರ್ಟನ್ನೇ ತೊಡಬೇಕೆಂಬ ನಿಯಮ ತರಲು ಹೊರಟು, ವಿರೋಧ ಬಂದಮೇಲೆ ಕೈಬಿಟ್ಟಿತು. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ಹುಡುಗಿಯರು ಬಿಕಿನಿಯ ಬದಲು ಚಡ್ಡಿ ತೊಟ್ಟರೆಂದು 1500 ಯೂರೊ ದಂಡ ಹಾಕಿದರು. ಗಂಡಸರು ಚಡ್ಡಿಯಲ್ಲೇ ಆಡುತ್ತಿದ್ದರು. ಹೆಚ್ಚು ತೋರಿಸು ಎಂಬುದೂ ಕಡಿಮೆ ತೋರಿಸು ಎಂಬುದೂ ಒಂದೇ ಬೇರಿನದು.

ಹುಡುಗರ ಪಾಡನ್ನೂ ಹೇಳಬೇಕು. ಕಿವಿಗೆ ಸಣ್ಣ ರಿಂಗು ಹಾಕಿಕೊಂಡ ಹುಡುಗನನ್ನು ಇಡೀ ತರಗತಿಯ ಮುಂದೆ ‘ಹುಡುಗಿಯಾ ನೀನು?’ ಎಂದು ಕೇಳುವ ಅಧ್ಯಾಪಕರಿದ್ದಾರೆ. ಅಲ್ಲಿ ಅವಮಾನವಾದದ್ದು ಅವನಿಗೊಬ್ಬನಿಗೇ ಅಲ್ಲ, ಕೂತ ಹುಡುಗಿಯರಿಗೆಲ್ಲ. ತಾನು ಹುಡುಗನಲ್ಲ, ಹುಡುಗಿ ಎಂದು ಒಳಗೊಳಗೇ ಅರಿತ ಮಗುವಿಗಂತೂ ಈ ಎರಡು ಪಟ್ಟಿಗಳ ನಡುವೆ ನಿಲ್ಲಲು ಜಾಗವೇ ಇಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕುರಿತ 2014ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ತನ್ನ ಲಿಂಗತ್ವವನ್ನು ಉಡುಪಿನ ಮೂಲಕ ವ್ಯಕ್ತಪಡಿಸುವುದು ಸಂವಿಧಾನದ 19(1)(ಎ) ವಿಧಿಯ ರಕ್ಷಣೆಯಲ್ಲಿದೆ ಎಂದು ಹೇಳಿದೆ. ಶಾಲೆಯ ಗೇಟಿಗೆ ಆ ತೀರ್ಪು ಇನ್ನೂ ತಲುಪಬೇಕು.

ದುಡಿಯುವ ಹೆಣ್ಣುಮಕ್ಕಳು ತಿಳಿದಿರಬೇಕಾದ ಒಂದು ಮಾತು. ಬಟ್ಟೆಯ ನೆಪದಲ್ಲಿ ಮೈಯ ಬಗ್ಗೆ ಆಡುವ ಲೈಂಗಿಕ ಧ್ವನಿಯ ಮಾತು 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. 10 ಜನ ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಚಿಕ್ಕ ಅಂಗಡಿಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಇನ್ನು ಶಾಲೆಯ ವಿಷಯ. ನಿಯಮ ಬರೆಯುವ ಮೇಜಿನ ಸುತ್ತ ಯಾರಿದ್ದಾರೆಂದು ಮೊದಲು ಕೇಳಿ. ಸರಕಾರಿ ಪಿಯು ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರು. ಖಾಸಗಿ ಶಾಲೆಗಳಲ್ಲಿ ಆಡಳಿತ ಮಂಡಳಿ. ಬಟ್ಟೆ ತೊಡುವ ಹುಡುಗಿಯರನ್ನು ಅಲ್ಲಿಗೆ ಕರೆದು ಕೇಳಿದ್ದುಂಟೇ? ಪ್ರತಿಯೊಂದು ನಿಯಮವನ್ನೂ ಹುಡುಗರಿಗೂ ಓದಿ ಹೇಳಲು ಸಾಧ್ಯವೇ ಎಂದು ಕೇಳಿ. ಸಾಧ್ಯವಿಲ್ಲದ್ದಕ್ಕೆ ಕಾರಣ ಬರೆದು ಕೊಡಲು ಹೇಳಿ. ಮಳೆಗೆ ಒಪ್ಪುವ ಬಟ್ಟೆ, ಬೇಕೆಂದವಳಿಗೆ ಪ್ಯಾಂಟು, ತಪಾಸಣೆ ಇದ್ದರೆ ಇಬ್ಬರಿಗೂ ಒಂದೇ ಬಗೆ, ಯಾವ ಕಾರಣಕ್ಕೂ ತರಗತಿ ತಪ್ಪಿಸಕೂಡದು: ಇಷ್ಟನ್ನು ಕೇಳುವುದಕ್ಕೆ ಪಾಲಕರು ಅಂಜಬೇಕಾಗಿಲ್ಲ. ಒಬ್ಬರೇ ಹೋಗಬೇಡಿ, ಹುಡುಗರ ತಂದೆ ತಾಯಿಯನ್ನೂ ಕರೆದುಕೊಂಡು ಹೋಗಿ. ಕರ್ನಾಟಕದ 1995ರ ಶಿಕ್ಷಣ ಸಂಸ್ಥೆಗಳ ನಿಯಮಾವಳಿಯ 11ನೇ ನಿಯಮದ ಪ್ರಕಾರ ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಪಾಲಕರಿಗೆ ಕನಿಷ್ಠ ಒಂದು ವರ್ಷ ಮುಂಚೆ ತಿಳಿಸಬೇಕು. ನಿಮ್ಮ ಶಾಲೆಯ ಐದು ವರ್ಷ ಯಾವಾಗ ಮುಗಿಯುತ್ತದೆ ಎಂದು ವಿಚಾರಿಸಿ, ಅದಕ್ಕೆ ಒಂದು ವರ್ಷ ಮೊದಲೇ ನಿಮ್ಮ ಅರ್ಜಿ ಅವರ ಮೇಜಿನ ಮೇಲಿರಲಿ.